ಹೊಸಬರಿಗೆ ಜಾಂಬಿ ಆರ್‌ಪಿಜಿ ಆಡಿಸೋದು: ಮಾಟುಂಗಾ, ನಾಲ್ಕು ಗಂಟೆ, ಐದು ಜನ

ಕಿಂಗ್ಸ್‌ಸರ್ಕಲ್
ಭಾನುವಾರ ಮಧ್ಯಾಹ್ನ 2ರಿಂದ 6ರವರೆಗೆ ಜಾಗ ಸಿಕ್ಕಿದೆ. ಆಡೋರು ಐದು ಜನ, ಯಾರೂ ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಆಡುವ ಆಟ) ಮುಟ್ಟಿದವರಲ್ಲ. ಜಾಂಬಿ ಸಿನಿಮಾ ಎಲ್ಲರೂ ನೋಡಿದ್ದಾರೆ. ದಾಳ ಅಂದರೆ ಅವರಿಗೆ ಲೂಡೋ, ಹೆಚ್ಚೆಂದರೆ ಚೌಕಾಬಾರ. ಮಾತು ಕನ್ನಡ, ಕಥೆ ಮುಂಬೈಯದ್ದೇ ಆಗಬೇಕು. ಅಂದುಕೊಂಡಿರೋದು ಇಷ್ಟು: ಜುಲೈ ತಿಂಗಳ ಸಂಜೆ, ಕೊನೆ ನಿಲ್ದಾಣ ಸಿಎಸ್‌ಎಂಟಿ ಕಡೆ ಹೊರಟ ಲೋಕಲ್ ರೈಲು ಸಯನ್ ದಾಟಿ ಮಾಟುಂಗಾಕ್ಕೆ ಮುಂಚೆ ನಿಂತುಬಿಡುತ್ತೆ. ಕರೆಂಟ್ ಇಲ್ಲ, ಪಕ್ಕದ ಡಬ್ಬಿಯಲ್ಲಿ ಕಿರುಚಾಟ. ಐವರೂ ಒಂದೇ ಡಬ್ಬಿಯಲ್ಲಿದ್ದಾರೆ.

ಇಲ್ಲಿಂದ ಮುಂದೆ ಹೇಗೆ? ಇಂಥ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮವನ್ನೇ ಬಳಸಿದರೆ ನಡೆಯುತ್ತಾ? ಅರ್ಧ ಗಂಟೆಯಲ್ಲೇ ಯಾರಾದರೂ ಸತ್ತರೆ ಉಳಿದ ಹೊತ್ತು ಅವರಿಗೆ ಏನು ಕೆಲಸ?

ದಾಳದಮ್ಮ
ಆ ನಿಯಮ ಇದಕ್ಕೆ ಒಗ್ಗಲ್ಲ. ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಒಂದು ಜಾಂಬಿಗೆ 22 ಪ್ರಾಣಾಂಕ (ಏಟು ಬಿದ್ದಷ್ಟೂ ಇಳಿಯುವ ಅಂಕ). ಮೊದಲ ಹಂತದ ಪಾತ್ರ ಕತ್ತಿ ಬೀಸಿದರೆ ಸರಾಸರಿ ಮೂರು ಏಟು ತಾಗಬೇಕು, ಸೊನ್ನೆಗೆ ಇಳಿದ ಮೇಲೂ ಒಂದು ದಾಳ ಬಿದ್ದು ಅದು ಮತ್ತೆ ಎದ್ದು ನಿಲ್ಲಬಹುದು. ಹೊಸಬರ ಮೇಜಿನಲ್ಲಿ ಒಂದೇ ಒಂದು ಹೆಣಕ್ಕೆ ಇಪ್ಪತ್ತು ನಿಮಿಷ ಹೋಗುತ್ತೆ. ಅತ್ತ ಪಾತ್ರಗಳು ಸ್ವಲ್ಪ ಬೆಳೆದರೆ ಮಂತ್ರ ಹಾಕಿ ರೋಗ ವಾಸಿ ಮಾಡಿಬಿಡಬಹುದು. ಕಡಿತದ ಹೆದರಿಕೆ ಹೋದ ಮೇಲೆ ಜಾಂಬಿ ಬರೀ ಕುಡುಕ.

ಎರಡು ಆರುಮುಖದ ದಾಳ ಸಾಕು. ಎರಡನ್ನೂ ಕೂಡಿ, ಗುಣದ ಅಂಕ ಸೇರಿಸಿ. 10 ಮತ್ತು ಮೇಲೆ ಬಂದರೆ ಅಂದುಕೊಂಡದ್ದು ಆಯ್ತು. 7ರಿಂದ 9 ಬಂದರೆ ಆಯ್ತು, ಆದರೆ ಏನೋ ತೆರಬೇಕು. 6 ಮತ್ತು ಕೆಳಗೆ ಬಂದರೆ ಕೆಟ್ಟಿತು. ಗುಣ ನಾಲ್ಕೇ: ಮೈ, ಕೈ, ಬುದ್ಧಿ, ಮಾತು. ಇವಕ್ಕೆ +2, +1, 0, −1 ಹಂಚಿಕೊಳ್ಳಲಿ. 7 ಅಥವಾ ಮೇಲೆ ಬೀಳುವ ಸಾಧ್ಯತೆ +2ಕ್ಕೆ ಶೇ. 83, +1ಕ್ಕೆ 72, ಸೊನ್ನೆಗೆ 58, −1ಕ್ಕೆ 42. ಅಂದರೆ ತನಗೆ ಬರುವ ಕೆಲಸ ಮಾಡಿದವನು ಹೆಚ್ಚಾಗಿ ಗೆಲ್ತಾನೆ, ಬಾರದ ಕೆಲಸಕ್ಕೆ ಕೈ ಹಾಕಿದವನು ಹೆಚ್ಚಾಗಿ ಸೋಲ್ತಾನೆ. ಈ ಲೆಕ್ಕ ಎರಡು ಸಲ ದಾಳ ಬಿದ್ದರೆ ಯಾರಿಗಾದರೂ ಅರ್ಥ ಆಗುತ್ತೆ, ಮೊದಲೇ ಪಾಠ ಮಾಡಬೇಕಿಲ್ಲ.

ಪ್ರತಿ ಪಾತ್ರದ ವಿವರ ಬರೆಯುವ ಹಾಳೆಯಲ್ಲಿ ಆಯುಧದ ಕಾಲಂ ಇಡಬೇಡಿ. ಹೊಸಬರು ಹಾಳೆಯಲ್ಲಿ ಬರೆದಿರೋದನ್ನೇ ಮಾಡ್ತಾರೆ: ಆಯುಧ ಕಂಡರೆ ಹೊಡೀತಾರೆ. ಅದರ ಬದಲು ಹೆಸರು, ಕಸುಬು, ಚೀಲದಲ್ಲಿರುವ ಮೂರು ವಸ್ತು, ಇವತ್ತು ರಾತ್ರಿ ಯಾರ ಹತ್ತಿರ ತಲುಪಬೇಕು. ಆ ಕೊನೆಯ ಸಾಲು ಬಹಳ ಮುಖ್ಯ, ಅದು ಇಲ್ಲದಿದ್ದರೆ ಐದೂ ಜನ ಡಬ್ಬಿ ಬಾಗಿಲು ಹಾಕಿಕೊಂಡು ಕೂತುಬಿಡ್ತಾರೆ. ಹಾಗೆ ಕೂರೋದೇ ಬುದ್ಧಿವಂತಿಕೆ ಅನ್ನಿ, ಆದರೆ ಆಟ ಅಲ್ಲಿಗೆ ನಿಂತುಹೋಗುತ್ತೆ.

ಹುಬ್ಬಳ್ಳಿ ಟು ಕೊಥ್ರೂಡ್
ಅಕ್ಕಾರು ಹೇಳಿದ್ದು ಖರೇ. ಆದ್ರ ಹೊಡೆದಾಟ ಬ್ಯಾಡ ಅಂದ್ರ ಅದರ ಜಾಗಾದಾಗ ಏನರೆ ಇಡಬೇಕಲ್ರೀ. ನನ್ನ ಮಟ್ಟಿಗೆ ಜಾಂಬಿ ಆಟದ ಜೀವ ಸಪ್ಪಳದಾಗ ಐತಿ.

ಮೇಜಿನ ನಡುವ ಒಂದು ಸ್ಟೀಲ್ ಬಟ್ಟಲಾ ಇಡ್ರಿ, ಬಾಜೂಕ ಒಂದು ಮುಷ್ಟಿ ಹುಣಸಿ ಬೀಜ. ಯಾರರೆ ಸಪ್ಪಳಾ ಮಾಡಿದ್ರ ಅವರ ಕೈಲೇನ ಬೀಜಾ ಹಾಕಸ್ರಿ. ಕೂಗು, ಗಾಜು ಒಡದದ್ದು 1. ಅಂಗಡಿ ಷಟರ್ ಎತ್ತೂದು, ಬೈಕ್ ಚಾಲೂ ಮಾಡೂದು 2. ಕಾರಿನ ಅಲಾರ್ಮ್ 3. ಗುಂಡು 4. ದಾಳದಾಗ 7ರಿಂದ 9 ಬಿದ್ದು ಏನು ತೆರಬೇಕು ಅಂತ ಹೊಳೀಲಿಲ್ಲ ಅಂದ್ರ ಒಂದು ಬೀಜ. ಐದು ಮಂದಿ ಆಡಾಕತ್ತಿದ್ರ 8 ಆದ ಕೂಡ್ಲೆ ಹಿಂಡು ಬರ್ತದ, ಮೂರ ಮಂದಿ ಇದ್ರ 6ಕ್ಕ. ಹಿಂಡು ಬಂದು ಹೋದ ಮ್ಯಾಲ ಬಟ್ಟಲದಾಗ 3 ಉಳಸ್ರಿ. ಪೂರಾ ಖಾಲಿ ಮಾಡಿದ್ರ ಮಂದಿ ಎಲ್ಲಾ ಮರತು ನಿರಾಳ ಆಗ್ತಾರ.

8 ಯಾಕಂದ್ರ, ಒಂದು ದೃಶ್ಯಕ್ಕ ಸುಮಾರು ಐದು ಸಲ ದಾಳ ಬೀಳ್ತದ. ಅದರಾಗ ಎರಡು 7–9ರ ನಡುವ ಇರ್ತಾವ. ಮ್ಯಾಲೊಂದು ಷಟರೋ ಗಾಡಿಯೋ ಇದ್ದ ಇರ್ತದ. ಹಂಗಾದ್ರ ಎರಡು ದೃಶ್ಯಕ್ಕೊಮ್ಮೆ ಹಿಂಡು. 5 ಇಟ್ರ ಪ್ರತೀ ದೃಶ್ಯಕ್ಕೂ ಬರ್ತದ, ಹೊಸಬರು ಬ್ಯಾಸತ್ತು "ಬರ್ಲಿ ಬಿಡು" ಅಂತಾರ. 12 ಇಟ್ರ ಬಟ್ಟಲದ ಕಡೆ ಯಾರೂ ನೋಡೂದಿಲ್ಲ.

ಇನ್ನೊಂದು. ಸಪ್ಪಳಾ ಬ್ಯಾರೆ ಕಡೆ ಕಳಸಬಹುದು ಅನ್ನೂದನ್ನ ಮೊದಲ ದೃಶ್ಯದಾಗನ ತೋರಸ್ರಿ. ದೂರದ ಕಾರಿಗೆ ಕಲ್ಲು ಒಗದು ಅಲಾರ್ಮ್ ಹೊಡದ್ರ ಬಟ್ಟಲದಿಂದ 3 ಬೀಜ ಹೊರಗ. ಇದು ತಿಳೀತಂದ್ರ ಅವರ ತಲೀ ಓಡಾಕ ಚಾಲೂ ಆಗ್ತದ: ಗುಡಿ ಗಂಟಿ, ಮಂಡಳದ ಸ್ಪೀಕರ್, ಮದವಿ ಬ್ಯಾಂಡಿನವರ ಡ್ರಮ್ಮು, ಮುಂಬೈದಾಗ ಸಪ್ಪಳಕ್ಕೇನು ಕಡಿಮಿ ಐತೇನ್ರಿ. ಜುಲೈ ಅಂದ್ರಿ, ಜೋರು ಮಳಿ ಇದ್ದಾಗ 1ರ ಸಪ್ಪಳಾ ಲೆಕ್ಕಕ್ಕ ಇಲ್ಲ. ಆದ್ರ ಅವು ಬರೂದೂ ನಿಮಗ ಕೇಳೂದಿಲ್ಲ, ಹಂಗಾಗಿ ಹುಷಾರಿರೂ ದಾಳಕ್ಕ −1.

ಕವಡೆ
ಬೀಜದ ಉಪಾಯ ಚೆನ್ನಾಗಿದೆ. ಆದರೆ ಓಡುವ ಜಾಂಬಿ ಇಟ್ಟರೆ ಇದ್ಯಾವುದೂ ಬೇಕಾಗಲ್ಲ, ಹೆದರಿಕೆ ತಾನಾಗಿ ಬರುತ್ತೆ. ತೆವಳೋ ಜಾಂಬಿ ಹಳೇ ಕಾಲದ್ದು.

ದಾಳದಮ್ಮ
ಸಿನಿಮಾಗೆ ಸರಿ, ಮೇಜಿಗೆ ಅಲ್ಲ. ಹೊಸಬರಿಗೆ ಐದು ನಿಮಿಷ ತಮ್ಮತಮ್ಮಲ್ಲೇ ಜಗಳ ಆಡೋಕೆ ಸಮಯ ಬೇಕು: ಮೇಲೆ ಹೋಗೋಣ, ಬೇಡ ಕೆಳಗೆ ಹೋಗೋಣ, ಆ ಮುದುಕರನ್ನು ಬಿಡೋದು ಹೇಗೆ. ಆ ಜಗಳವೇ ಆಟ. ಓಡುವ ಜಾಂಬಿ ಬಂದರೆ ಆ ಸಮಯ ಇರಲ್ಲ, ಪ್ರತಿ ಸಲ "ಓಡ್ತೀನಿ, ದಾಳ ಹಾಕ್ತೀನಿ" ಅನ್ನೋದು ಬಿಟ್ಟರೆ ಬೇರೆ ಉತ್ತರ ಇಲ್ಲ.

ವೇಗ ಒಂದೇ ಸಲ ಗೊತ್ತು ಮಾಡಿ, ಮಧ್ಯದಲ್ಲಿ ಬದಲಿಸಬೇಡಿ. ಮನುಷ್ಯರ ನಡಿಗೆ ಗಂಟೆಗೆ 5 ಕಿ.ಮೀ. ಅಂದುಕೊಂಡರೆ ಜಾಂಬಿಗೆ ಅದರ ಅರ್ಧ. 100 ಮೀಟರಿಗೆ ಎರಡೂವರೆ ನಿಮಿಷ. 12 ಡಬ್ಬಿಯ ಲೋಕಲ್ ಸುಮಾರು ಕಾಲು ಕಿಲೋಮೀಟರ್ ಉದ್ದ, ಗಾಡಿಯ ಆ ತುದಿಯಿಂದ ಈ ತುದಿಗೆ ಬರಲು ಅದಕ್ಕೆ ಆರು ನಿಮಿಷ. ಇಂಥ ಲೆಕ್ಕ ಒಂದೆರಡು ಗೊತ್ತಿದ್ದರೆ "ಎಷ್ಟು ಹೊತ್ತಿದೆ?" ಅಂತ ಕೇಳಿದಾಗ ತಡವರಿಸಬೇಕಿಲ್ಲ. ಹಾಗೇ ಅವು ಕಿವಿಯಿಂದ ಬರ್ತವಾ, ವಾಸನೆಯಿಂದಲಾ? ಮೆಟ್ಟಿಲು ಹತ್ತುತ್ತವಾ? ತಲೆಗೆ ಏಟು ಬಿದ್ದರೇನೇ ಸಾಯ್ತವಾ? ಉತ್ತರ ಏನಾದರೂ ಇರಲಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಡುವವರಿಗೆ ಹೇಳಬೇಡಿ, ಅವರೇ ಪರೀಕ್ಷೆ ಮಾಡಿ ಕಂಡುಕೊಳ್ಳಲಿ.

ಥಾಣೆ ಫಾಸ್ಟ್
ರೈಲಿನ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ದಿನಾ ಓಡಾಡುವ ಆಟಗಾರರು ಅಲ್ಲೇ ಹಿಡೀತಾರೆ ನಿಮ್ಮನ್ನು. ಎಸಿ ಅಲ್ಲದ ಲೋಕಲಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇಲ್ಲ. ಡಬ್ಬಿ ಅಂದ್ರೆ ಒಂದು ಕೋಣೆ, ಬಾಗಿಲು ಮಾತ್ರ ತೆರೆದೇ ಉಂಟು. ಎಸಿ ಲೋಕಲ್ ಇಟ್ಟರೆ ಕಥೆಯೇ ಬೇರೆ: ಬಾಗಿಲು ಮುಚ್ಚಿರ್ತದೆ, ಒಳಗೆ ಡಬ್ಬಿಯಿಂದ ಡಬ್ಬಿಗೆ ನಡೀಲಿಕ್ಕೆ ಆಗ್ತದೆ. ಯಾವುದು ಅಂತ ಮೊದಲ ವಾಕ್ಯದಲ್ಲೇ ಹೇಳಿ. ಹೊಸಬರಿಗೆ ಹಳೇ ಲೋಕಲ್ ಒಳ್ಳೇದು, ಪಕ್ಕದ ಡಬ್ಬಿಯ ಕಿರುಚಾಟ ಕೇಳ್ತದೆ, ಕಾಣೋದಿಲ್ಲ.

ಪ್ಲಾಟ್‌ಫಾರ್ಮ್ ಇಲ್ಲದ ಕಡೆ ಇಳಿಯುವುದು ಸುಲಭ ಅಲ್ಲ, ಡಬ್ಬಿಯ ನೆಲ ಹೆಚ್ಚುಕಮ್ಮಿ ಎದೆಮಟ್ಟ, ಕೆಳಗೆ ಜಲ್ಲಿ. ವಯಸ್ಸಾದವರಿದ್ದರೆ ಅವರನ್ನು ಇಳಿಸುವುದೇ ಒಂದು ದೃಶ್ಯ. ಯಾರಾದ್ರೂ ಡಬ್ಬಿ ಮೇಲೆ ಹತ್ತುತ್ತೇನೆ ಅಂದೇ ಅಂತಾರೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್. ಕರೆಂಟ್ ಹೋಗಿದೆ ಅಂತ ನೀವು ಹೇಳಿದ್ದೀರಿ, ಆದ್ರೆ ಯಾವಾಗ ವಾಪಸ್ ಬರ್ತದೆ ಅಂತ ಯಾರಿಗೆ ಗೊತ್ತು? ಆ ಅಪಾಯವನ್ನು ದಾಳ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿ. ಪಾತ್ರಕ್ಕೆ ಗೊತ್ತಿರುವ ವಿಷಯ ಆಟಗಾರನಿಗೆ ತಿಳಿಯದೆ ಸಾಯಿಸಿದ್ರೆ ಅವರು ಮತ್ತೆ ಆಡ್ಲಿಕ್ಕೆ ಬರೋದಿಲ್ಲ ಮಾರಾಯ್ರೆ.

ಬಂದೂಕಿನ ಆಸೆ ಬಿಡಿ. ಅಮೆರಿಕದ ಕಥೆಗಳಲ್ಲಿ ಪ್ರತಿ ಊರಿಗೂ ಬಂದೂಕಿನ ಅಂಗಡಿ ಉಂಟು. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ, ಲೈಸೆನ್ಸ್ ಇಲ್ಲದೆ ಯಾರ ಕೈಲೂ ಇಲ್ಲ, ಬೀದಿಯ ಹವಾಲ್ದಾರರ ಹತ್ತಿರ ಲಾಠಿ. ಮಾಟುಂಗಾದಲ್ಲಿ ಏನು ಸಿಗ್ತದೆ? ಎಳನೀರಿನವನ ಕೊಯ್ತಾ (ಮಚ್ಚು), ಗಾಡಿಯ ಜ್ಯಾಕ್ ರಾಡು, ಮೈದಾನದ ಬ್ಯಾಟು, ಅಡುಗೆಮನೆಯ ಈಳಿಗೆ ಮಣೆ. ಬಂದೂಕು ಒಂದೇ ಒಂದು ಇಡಿ, ಐದು ಗುಂಡು, ಯಾವುದಾದ್ರೂ ಸ್ಟೇಷನ್ನಿನಲ್ಲಿ ಬಿದ್ದ ಪೊಲೀಸರ ಹತ್ತಿರ. ಮೇಲೆ ಅವರು ಹೇಳಿದ ಹಾಗೆ ಒಂದು ಗುಂಡಿಗೆ 4 ಬೀಜ, ತಾನಾಗಿ ಜಾಗ್ರತೆ ಬರ್ತದೆ.

ಕಟ್ಟಡ ಕೂಡ ಇಲ್ಲಿಯದ್ದೇ ಇರಲಿ. ಹಳೇ ಬಿಲ್ಡಿಂಗಿನ ಕಿಟಕಿಗೆಲ್ಲ ಬಾಕ್ಸ್ ಗ್ರಿಲ್: ಒಳಗೆ ಯಾವುದೂ ಬರೋದಿಲ್ಲ, ಒಳಗಿದ್ದವರು ಹೊರಗೂ ಹೋಗೋದಿಲ್ಲ. ಇರುವುದು ಒಂದೇ ಜಿನೆ (ಮೆಟ್ಟಿಲು). ನೀರು ಕೆಳಗಿನ ಟಾಕಿಯಿಂದ ಪಂಪಿನಲ್ಲಿ ಮೇಲೆ ಹೋಗ್ತದೆ, ಕರೆಂಟ್ ಇಲ್ಲ ಅಂದ್ರೆ ಮೇಲಿನ ಟಾಕಿಯಲ್ಲಿ ಇದ್ದಷ್ಟೇ. ಇಷ್ಟು ಹೇಳಿದ್ರೆ ಸಾಕು, ಅಲ್ಲಿ ಎಷ್ಟು ದಿನ ಕೂರಬಹುದು ಅಂತ ಅವರೇ ಲೆಕ್ಕ ಹಾಕ್ತಾರೆ.

ಕಿಂಗ್ಸ್‌ಸರ್ಕಲ್
ತುಂಬಾ ಉಪಯೋಗ ಆಯ್ತು. ಕಡಿತದ ವಿಷಯ ಇನ್ನೂ ಗೊಂದಲ. ಕಚ್ಚಿದರೆ ಸಾವು ಅಂದರೆ ಮೊದಲನೇ 6ಕ್ಕೇ ಒಬ್ಬರು ಹೊರಗೆ. ಸಾವಿಲ್ಲ ಅಂದರೆ ಹೆದರಿಕೆ ಇಲ್ಲ.

ದಾಳದಮ್ಮ
ಮಧ್ಯದಲ್ಲಿ ಒಂದು ಮೆಟ್ಟಿಲು ಇಡಿ. ಮೊದಲು ಹಿಡಿತ, ಆಮೇಲೆ ಕಡಿತ. ದಾಳ ಕೆಟ್ಟರೆ ಜಾಂಬಿ ಕೈಯನ್ನೋ ಚೀಲವನ್ನೋ ಹಿಡಿಯುತ್ತೆ ಅಷ್ಟೇ. ಬಿಡಿಸಿಕೊಳ್ಳೋಕೆ ಇನ್ನೊಂದು ದಾಳ, ಅದೂ ಕೆಟ್ಟರೆ ಕಡಿತ. ಗುಣ ಸೊನ್ನೆ ಇರುವವನಿಗೆ ಒಂದು ದಾಳ ಕೆಡುವ ಸಾಧ್ಯತೆ ಶೇ. 42. ಎರಡೂ ಸತತವಾಗಿ ಕೆಡೋದು ಶೇ. 17. ಪಕ್ಕದವರು ಬಂದು ಎಳೆದರೆ ಎರಡನೇ ದಾಳಕ್ಕೆ +1, ಆಗ ಶೇ. 12ಕ್ಕೆ ಇಳಿಯುತ್ತೆ. ಆದರೆ ಎಳೆಯಲು ಬಂದವನೂ ಹತ್ತಿರ ಬಂದ ಹಾಗೆ, ಆ ದಾಳ ಕೆಟ್ಟರೆ ಹಿಡಿತ ಅವನಿಗೂ ಬೀಳಬಹುದು. ಹೊಸಬರು ಒಬ್ಬರಿಗೊಬ್ಬರು ಆಗೋದು ಇಲ್ಲೇ, ಯಾರೂ ಹೇಳಿಕೊಡಬೇಕಿಲ್ಲ.

ಕಡಿತ ಆದವನ ಹಾಳೆಯ ಮೂಲೆಯಲ್ಲಿ ಆರು ಮನೆ ಬರೆಯಿರಿ. ಪ್ರತಿ ದೃಶ್ಯದ ಕೊನೆಗೆ ಒಂದು ಮನೆ ತುಂಬುತ್ತೆ. ಓಡಿದರೆ, ಹೊಡೆದಾಡಿದರೆ ಇನ್ನೊಂದು. ನಾಲ್ಕಾದ ಮೇಲೆ ಎಲ್ಲ ದಾಳಕ್ಕೂ −1, ಆರಕ್ಕೆ ತಿರುಗಿಕೊಂಡ. ಪ್ರತಿ ದೃಶ್ಯದಲ್ಲೂ ಓಡಿದರೂ ಮೂರು ದೃಶ್ಯ ಸಿಗುತ್ತೆ, ಸಾಯುವವನಿಗೆ ಒಳ್ಳೆಯ ಕೆಲಸ ಮಾಡಿ ಸಾಯಲು ಅಷ್ಟು ಸಾಕು. ಕೈಗೋ ಕಾಲಿಗೋ ಕಚ್ಚಿದ್ದರೆ ಅದೇ ದೃಶ್ಯದಲ್ಲಿ ಕತ್ತರಿಸಿಬಿಡಬಹುದು: 10 ಬಂದರೆ ಮನೆಗಳು ಅಳಿಸಿಹೋಗ್ತವೆ, 7–9ಕ್ಕೆ ಅಳಿಸುತ್ತೆ ಆದರೆ ಅವನನ್ನು ಹೊತ್ತುಕೊಂಡೇ ಹೋಗಬೇಕು, 6ಕ್ಕೆ ಕೈಯೂ ಹೋಯ್ತು, ವಿಷವೂ ಉಳೀತು.

ಕಚ್ಚಿದ್ದನ್ನು ಮುಚ್ಚಿಡಬೇಕು ಅಂತ ಒಬ್ಬರಿಗಾದರೂ ಅನ್ನಿಸುತ್ತೆ. ಪಾತ್ರಗಳಿಂದ ಮುಚ್ಚಿಡಲಿ, ಮೇಜಿನಲ್ಲಿ ಕೂತವರಿಂದ ಬೇಡ. ಕಿವಿಯಲ್ಲಿ ಹೇಳೋದು, ಚೀಟಿ ಕೊಡೋದು ಶುರುವಾದರೆ ಹೊಸಬರ ಗುಂಪು ಒಬ್ಬರನ್ನೊಬ್ಬರು ತಪಾಸಣೆ ಮಾಡೋದರಲ್ಲೇ ಒಂದು ಗಂಟೆ ಕಳೀತಾರೆ. ಎಲ್ಲರಿಗೂ ಗೊತ್ತಿದ್ದು ಪಾತ್ರಗಳಿಗೆ ಗೊತ್ತಿಲ್ಲದಿದ್ದರೆ ಅದೇ ನಾಟಕ.

ಸತ್ತ ಮೇಲಿನ ಪ್ರಶ್ನೆಗೆ: ಡಬ್ಬಿಯಲ್ಲಿ ಇವರೈವರ ಜೊತೆಗೆ ಇನ್ನೂ ಐದು ಜನರನ್ನು ಹೆಸರಿಟ್ಟು ಕೂರಿಸಿ. ನರ್ಸು, ಡಬ್ಬಾವಾಲಾ, ಕಾಲೇಜು ಹುಡುಗಿ, ಬ್ಯಾಂಕಿನಿಂದ ನಿವೃತ್ತರಾದವರು, ಮೀನು ಮಾರುವ ಮಾವಶಿ. ತಲಾ ಒಂದು ಕಾರ್ಡು, ಗುಣಗಳನ್ನು ಮೊದಲೇ ತುಂಬಿಡಿ. ಒಬ್ಬರ ಪಾತ್ರ ಹೋದರೆ ಹತ್ತು ನಿಮಿಷದೊಳಗೆ ಇವರಲ್ಲೊಬ್ಬರು ಕೈಗೆ. ಹೊಸ ಪಾತ್ರ ಎಲ್ಲಿಂದಲೋ ಉದುರಿದ ಹಾಗಿರಲ್ಲ, ಮೊದಲಿಂದ ಜೊತೆಗಿದ್ದವರೇ.

ಕವಡೆ
ಸಾಮಾನಿನ ಲೆಕ್ಕ? ಬ್ಯಾಟರಿ, ನೀರು, ಔಷಧ? ಒಂದೊಂದನ್ನೂ ಬರೆದಿಡೋದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಆಗುತ್ತೆ.

ಹುಬ್ಬಳ್ಳಿ ಟು ಕೊಥ್ರೂಡ್
ಉದ್ರಿ ಪುಸ್ತಕ ಬ್ಯಾಡ. ಪ್ರತೀ ಸಾಮಾನಿಗೂ ಮೂರು ಮನಿ ಬರೀರಿ. ದೃಶ್ಯದಾಗ ಬಳಸಿದ್ರ ಆ ದೃಶ್ಯ ಮುಗದ ಮ್ಯಾಲ ಒಂದು ದಾಳ, 1 ಇಲ್ಲಾ 2 ಬಿದ್ರ ಒಂದು ಮನಿ ಹೊಡೀರಿ. ಮೂರೂ ಹೋದ್ರ ಸಾಮಾನು ಮುಗೀತು.

ದಾಳದಮ್ಮ
ಪದ್ಧತಿ ಸರಿ, ಆದರೆ ಮೂರು ಮನೆ ನಾಲ್ಕು ಗಂಟೆಯ ಆಟಕ್ಕೆ ಜಾಸ್ತಿ. ಒಂದು ಮನೆ ಹೋಗಲು ಸರಾಸರಿ ಮೂರು ಬಳಕೆ ಬೇಕು, ಮೂರು ಮನೆಗೆ ಒಂಬತ್ತು. ಇಡೀ ಆಟದಲ್ಲಿ ಆರೇಳು ದೃಶ್ಯ ಅಷ್ಟೇ. ಟಾರ್ಚ್ ಆರೋದೇ ಇಲ್ಲ! ವಾರವಾರ ಆಡುವ ಗುಂಪಿಗೆ ಮೂರು ಇರಲಿ, ಇಲ್ಲಿ ಒಂದೊಂದೇ ಮನೆ ಕೊಡಿ. ನೀರಿನ ಲೆಕ್ಕ ಒಂದು ಸಂಜೆಯ ಕಥೆಗೆ ಬೇಡವೇ ಬೇಡ.

ಹುಬ್ಬಳ್ಳಿ ಟು ಕೊಥ್ರೂಡ್
ಖರೇ ಐತಿ, ಒಂದ ಮನಿ.

ಮಾಂಡೋವಿ ಫೆರಿ
ಪಣಜಿಯಿಂದ ಒಂದು ಮಾತು. ಮುಂಬೈ ನಕ್ಷೆ ದೊಡ್ಡದು, ಆಟಗಾರರು "ಸೀ ಲಿಂಕ್ ಮೇಲೆ ಹೋಗ್ತೇವೆ", "ವಾಶಿಗೆ ಹೋಗ್ತೇವೆ" ಅಂತ ದಿಕ್ಕಿಗೊಬ್ಬರು ಹೊರಟರೆ ಮೊದಲ ಸಲ ಆಡಿಸುವವರು ಕಂಗಾಲು. ಜಾಗ ಬೇಲಿ ಹಾಕಿದ ಹಾಗಿರಬೇಕು. ನಮ್ಮ ಕಡೆಯವರಿಗೆ ದಿವಾರ್ ದ್ವೀಪ ಸಲೀಸು: ಓಲ್ಡ್ ಗೋವಾ, ರಿಬಂದರ್, ನಾರ್ವೆ, ಮೂರು ಕಡೆಯಿಂದಲೂ ಫೆರಿ ಬೋಟೇ ದಾರಿ. ಬೋಟು ಆಚೆ ದಡದಲ್ಲಿ ನಿಂತಿದೆ, ನಡೆಸುವವನಿಲ್ಲ ಅಂದರೆ ಅರ್ಧ ಕಥೆ ಆಯ್ತು. ನಿಮ್ಮದು ಮಾಟುಂಗಾದಿಂದ ಎಲ್ಲಿಗೆ ಮುಗಿಯುತ್ತೆ ಅಂತ ಮೊದಲೇ ಗೊತ್ತು ಮಾಡಿ, ಅದನ್ನು ಅವರಿಗೂ ತಿಳಿಸಿ.

ಥಾಣೆ ಫಾಸ್ಟ್
ಹೌದು. ನಾನಾದ್ರೆ ಮಾಹಿಮ್ ಕೋಳಿವಾಡದ (ಮೀನುಗಾರರ ಕೇರಿ) ದೋಣಿ ಇಡ್ತೇನೆ. ಮಾಟುಂಗಾ ಸ್ಟೇಷನ್ನಿನಿಂದ ಸುಮಾರು ಎರಡೂವರೆ ಕಿಲೋಮೀಟರ್, ನಡೆದರೆ ಅರ್ಧ ಗಂಟೆಯ ದಾರಿ, ಹಿಂಡಿಗೆ ಒಂದು ಗಂಟೆ. ನಡುವೆ ವೆಸ್ಟರ್ನ್ ಲೈನ್ ಅಡ್ಡ ಉಂಟು. ಮಾಟುಂಗಾದಿಂದ ಮಾಟುಂಗಾ ರೋಡಿಗೆ ಹೋಗುವ ಝಡ್ ಬ್ರಿಜ್ ಉಂಟಲ್ಲ, ಇಕ್ಕಟ್ಟಿನ ಪಾದಚಾರಿ ಸೇತುವೆ, ಆಟಕ್ಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ಎರಡೂ ಬದಿಯಿಂದ ಜಾಂಬಿ ಬಂದ್ರೆ ತಿರುವಿನಲ್ಲಿ ಸಿಕ್ಕಿಬೀಳ್ತಾರೆ. ಮೂರಕ್ಕಿಂತ ಜಾಸ್ತಿ ಜಾಂಬಿ ಇದ್ದಲ್ಲಿ ಹೊಡೆದಾಟದ ದಾಳವೇ ಇಲ್ಲ ಅಂತ ನಿಯಮ ಮಾಡಿ: ತಡೀಬಹುದು, ದಾರಿ ತಪ್ಪಿಸಬಹುದು, ಓಡಬಹುದು.

ಸಮಯಕ್ಕೆ ಸಮುದ್ರದ ಭರತ-ಇಳಿತ ಬಳಸಿ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಇಳಿತದಲ್ಲಿ ಮಾಹಿಮ್ ಕೊಲ್ಲಿಯಲ್ಲಿ ಬರೀ ಕೆಸರು, ದೋಣಿ ಅಲ್ಲಾಡೋದಿಲ್ಲ. ಒಂದು ಹಾಳೆಯಲ್ಲಿ ಆರು ಮನೆ ಬರೆದು ಎಲ್ಲರಿಗೂ ಕಾಣುವ ಹಾಗೆ ಇಡಿ, ದೃಶ್ಯಕ್ಕೊಂದು ಗುರುತು. ಆರು ತುಂಬಿದ ಮೇಲೆ ದೋಣಿ ಕೆಸರಲ್ಲಿ ಕೂತ ಲೆಕ್ಕ, ಎಂಟತ್ತು ಜನ ತಳ್ಳಬೇಕು, ತಳ್ಳುವಾಗ 3 ಬೀಜ.

ದಾಳದಮ್ಮ
ಒಂದು ಎಚ್ಚರಿಕೆ, ಇದು ನಿಯಮಕ್ಕಿಂತ ಮುಖ್ಯ. ರೋಗ ಎಲ್ಲಿಂದ ಬಂತು ಅನ್ನೋದಕ್ಕೆ ಧಾರಾವಿಯನ್ನೋ ಯಾವುದಾದರೂ ಸಮುದಾಯದ ಮೊಹಲ್ಲಾವನ್ನೋ ತೋರಿಸಬೇಡಿ. ಸಯನ್ ಪಕ್ಕದಲ್ಲೇ ಧಾರಾವಿ ಇರೋದರಿಂದ ಆಟಗಾರರ ಬಾಯಿಗೆ ಅದೇ ಮೊದಲು ಬರಬಹುದು. ಮೂಲ ಗೊತ್ತಿಲ್ಲ ಅಂತಲೇ ಬಿಡಿ. ಗುಂಪು ಬೆನ್ನಟ್ಟೋದು, ಬಾಗಿಲು ಒಡೆಯೋದು ಇವೆಲ್ಲ ಈ ಊರಲ್ಲಿ 1992–93ರ ಗಲಭೆ ಕಂಡವರಿಗೆ ಬರೀ ಕಥೆ ಅಲ್ಲ. ಆಸ್ಪತ್ರೆ ವಾರ್ಡು, ಆಕ್ಸಿಜನ್, ಹೆಣಗಳ ಸಾಲು, ಇವು ಕೋವಿಡ್‌ನಲ್ಲಿ ಮನೆಯವರನ್ನು ಕಳಕೊಂಡವರಿಗೆ ಬೇಡ ಅನ್ನಿಸಬಹುದು. ಹಿಂದಿನ ದಿನವೇ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಮೆಸೇಜ್ ಹಾಕಿ ಕೇಳಿ, ಎಲ್ಲರೆದುರು ಕೇಳಿದರೆ ಯಾರೂ ಹೇಳಲ್ಲ. ಮೇಜಿನ ಮೇಲೆ ಗುಣಾಕಾರ ಚಿಹ್ನೆ ಬರೆದ ಒಂದು ಕಾರ್ಡ್ ಇಡಿ. ಯಾರಾದರೂ ಮುಟ್ಟಿದರೆ ಆ ಭಾಗ ಬಿಟ್ಟು ಮುಂದಕ್ಕೆ, ಕಾರಣ ಕೇಳೋ ಹಾಗಿಲ್ಲ. ಮಕ್ಕಳು ಜಾಂಬಿ ಆಗೋದು ಮೊದಲಿಂದಲೇ ಬೇಡ.

ಕಿಂಗ್ಸ್‌ಸರ್ಕಲ್
ಸರಿ, ಒಪ್ಪಿದೆ. ಮಾಹಿಮ್ ದೋಣಿಗೇ ಗಟ್ಟಿ. ಹೊತ್ತು ಹೀಗೆ ಹಂಚಿದ್ದೀನಿ: ಹಾಳೆ ತುಂಬೋಕೆ 25 ನಿಮಿಷ, ಡಬ್ಬಿ ಮತ್ತು ಹಳಿ 40, ಮಾಟುಂಗಾ ಮಾರ್ಕೆಟ್ 60, ಚಹಾಕ್ಕೆ 15, ಝಡ್ ಬ್ರಿಜ್ 45, ಮಾಹಿಮ್ 40. ಕೊನೆಗೆ 15 ಉಳಿಯುತ್ತೆ. ಮಾರ್ಕೆಟ್ಟಿನಲ್ಲೇ ಸಿಕ್ಕಿಹಾಕಿಕೊಂಡು ಹೊರಗೆ ಬರದೇ ಇದ್ದರೆ?

ಹುಬ್ಬಳ್ಳಿ ಟು ಕೊಥ್ರೂಡ್
ಸಿಕ್ಕ ಸಿಗ್ತಾರ. ಕಿರಾಣಿ ಅಂಗಡಿ ಕಂಡ್ರ ಹೊಸಬರಿಗೆ ಸಾಮಾನು ತುಂಬೂ ಚಟ, ಗೋಡಂಬಿ ಪಾಕೀಟ ಸುದ್ದಾ ಬಿಡೂದಿಲ್ಲ. ಚೀಲದಾಗ ಆರ ಸಾಮಾನಿಗಿಂತ ಹೆಚ್ಚಿಗೆ ಹಿಡಸೂದಿಲ್ಲ ಅಂತ ಹೇಳ್ರಿ, ಏಳನೇದಕ್ಕ ಮೈ ದಾಳಕ್ಕ −1. ಆಮ್ಯಾಲೂ ಕುಂತ್ರ ನೀವ ಬಟ್ಟಲದಾಗ ಬೀಜಾ ಹಾಕ್ರಿ: ಮ್ಯಾಲಿನ ಮಹಡಿ ಮನ್ಯಾಗ ಯಾರದೋ ಮೊಬೈಲ್ ಹೊಡಕೊಳ್ಳಾಕತ್ತದ, ಎತ್ತವ್ರಿಲ್ಲ. ಹತ್ತು ನಿಮಿಷಕ್ಕೊಂದು ಬೀಜ.

ದಾಳದಮ್ಮ
ಮೊಬೈಲ್ ಒಳ್ಳೇದು. ಅಷ್ಟಾದರೂ ತಡವಾದರೆ ಚಹಾ ಆದ ಮೇಲೆ "ನೀವೀಗ ಸೇತುವೆ ಬುಡದಲ್ಲಿದ್ದೀರಿ, ಬರುವಾಗ ಒಬ್ಬೊಬ್ಬರೂ ಒಂದು ಸಾಮಾನು ಕಳಕೊಂಡಿರಿ, ಯಾವುದು?" ಅಂತ ಕೇಳಿ ನೇರ ಅಲ್ಲಿಂದ ಶುರು ಮಾಡಿ. ಉತ್ತರ ಹೇಳ್ತಾ ಹೇಳ್ತಾ ಬಿಟ್ಟುಹೋದ ಕಥೆಯನ್ನು ಅವರೇ ತುಂಬ್ತಾರೆ. ಕತ್ತರಿಸೋದಾದರೆ ಮಾರ್ಕೆಟ್ ಕತ್ತರಿಸಿ, ಮಾಹಿಮ್‌ನ 40 ನಿಮಿಷ ಮುಟ್ಟಬೇಡಿ.

ಥಾಣೆ ಫಾಸ್ಟ್
ದೋಣಿಯಲ್ಲಿ ಜಾಗ ಎಷ್ಟು ಅಂತ ಈಗಲೇ ಬರೆದಿಡಿ. ಉಳಿದವರು ಎಂಟು ಅಂದ್ರೆ ಜಾಗ ಆರು.